ಬ್ಲಾಕ್‌ಚೈನಿನ ಲೆಕ್ಕವೂ ಕಾಲದ ದಿನಚರಿಯೂ

ನಮ್ಮ ಪಾಠಶಾಲೆಯಿಂದ ಹೊರಟ ಅನೇಕ ಸೋದರಿಯರು ಈಗ ಗಣಕಯಂತ್ರಗಳ ಕಚೇರಿಗಳಲ್ಲಿ ಕೆಲಸಮಾಡುತ್ತಿರುವರು. ಅವರ ಬಾಯಿಂದ ‘ಬ್ಲಾಕ್‌ಚೈನ್’ ಎಂಬ ಮಾತನ್ನು ಕೇಳಿದ ತಾಯಿತಂದೆಗಳು ಅದೇನೆಂದು ವಿಚಾರಿಸುವುದುಂಟು. ಅದೊಂದು ಕಿರ್ದಿ ಪುಸ್ತಕವಷ್ಟೆ. ಆದರೆ ಅದು ಒಬ್ಬ ಶ್ಯಾನುಭೋಗನ ವಶದಲ್ಲಿಲ್ಲ; ಅದರ ಪ್ರತಿಯು ಸಾವಿರಾರು ಯಂತ್ರಗಳಲ್ಲಿರುವುದು. ಅಂಥ ಒಂದೊಂದು ಯಂತ್ರಕ್ಕೂ ‘ನೋಡ್’ ಎಂದು ಹೆಸರು. ಹೊಸ ಪುಟ, ಅಂದರೆ ‘ಬ್ಲಾಕ್’, ಬಂದಾಗಲೆಲ್ಲ ನೋಡ್ ಅದನ್ನು ತಾನೇ ಪರೀಕ್ಷಿಸಿ, ಸರಿಯಾಗಿದ್ದರೆ ಮಾತ್ರ ಸೇರಿಸಿಕೊಳ್ಳುವುದು.

ಈ ಪರೀಕ್ಷೆಗೆ ಕಾಲದ ಮಿತಿಯುಂಟು. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೊಂದು ಪುಟ ಬರುವುದು. ಇಥೀರಿಯಮ್‌ನಲ್ಲಿ 2022ರ ಸೆಪ್ಟೆಂಬರಿನಿಂದ 12 ಸೆಕೆಂಡಿಗೊಂದು ಸರದಿ. ಯಂತ್ರವು ಹಿಂದೆಬಿದ್ದರೆ ಕಾರಣವನ್ನು ಬರಿಯ ಊಹೆಯಿಂದ ಕಂಡುಹಿಡಿಯಲಾಗದು. ಆದುದರಿಂದ ಒಂದೊಂದು ಹಂತಕ್ಕೂ ಹಿಡಿದ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ಅಳೆದು, ‘ಲಾಗ್’ ಎಂಬ ದಿನಚರಿಯಲ್ಲಿ ಬರೆಯಿಸುವರು. ‘ಬಿಟ್‌ಕಾಯಿನ್ ಕೋರ್’ ಎಂಬ ತಂತ್ರಾಂಶದಲ್ಲಿ ‘ಬೆಂಚ್’ ಎಂಬ ಆಯ್ಕೆಯನ್ನು ಕೋರಿದರೆ, ಪುಟವನ್ನು ಓದಿದ ಕಾಲ, ಸಹಿಗಳನ್ನು ಪರೀಕ್ಷಿಸಿದ ಕಾಲ, ಡಿಸ್ಕಿಗೆ ಬರೆದ ಕಾಲ ಇವೆಲ್ಲವೂ ಬೇರೆಬೇರೆಯಾಗಿ ದಾಖಲಾಗುವುವು. ಸಹಿಗಳ ಹಂತವು ನಿಧಾನವಾದರೆ ಯಂತ್ರದ ಗಣನಶಕ್ತಿ ಸಾಲದೆಂದೂ, ಓದುಬರಹವು ನಿಧಾನವಾದರೆ ಡಿಸ್ಕನ್ನು ನೋಡಬೇಕೆಂದೂ ತಿಳಿಯುವುದು.

ಅಳೆಯುವವರು ಮೂರು ವಿಷಯಗಳಲ್ಲಿ ಎಚ್ಚರವಾಗಿರಬೇಕು.

ಮೊದಲನೆಯದು ಗಡಿಯಾರ. ಹೊತ್ತು ತಿಳಿಸುವ ಗಡಿಯಾರವನ್ನು ಆಗಾಗ ತಿದ್ದುವುದರಿಂದ ಅದು ಹಿಂದಕ್ಕೂ ಸರಿಯಬಹುದು. 2016ರ ಕೊನೆಯ ದಿನ ಜಗತ್ತಿನ ಕಾಲಮಾನಕ್ಕೆ 1 ಸೆಕೆಂಡನ್ನು ಕೂಡಿಸಿದಾಗ, ಅಂತರಜಾಲದ ಸೇವೆಗಳನ್ನು ಒದಗಿಸುವ ಕ್ಲೌಡ್‌ಫ್ಲೇರ್ ಸಂಸ್ಥೆಯ ತಂತ್ರಾಂಶವೊಂದು ಕಳೆದ ಕಾಲವನ್ನು ಸೊನ್ನೆಗಿಂತ ಕಡಿಮೆಯೆಂದು ಎಣಿಸಿ ಕೆಟ್ಟಿತು. ಇದು ಬ್ಲಾಕ್‌ಚೈನಿನ ಪ್ರಸಂಗವಲ್ಲವಾದರೂ ಪಾಠವು ಒಂದೇ: ಅವಧಿಯನ್ನು ಅಳೆಯಲು ಎಂದಿಗೂ ಹಿಂದೆ ಸರಿಯದ ಬೇರೊಂದು ಎಣಿಕೆಯ ಗಡಿಯಾರವನ್ನೇ ಬಳಸಬೇಕು.

ಎರಡನೆಯದು ಸರಾಸರಿ. 99 ಪುಟಗಳಿಗೆ ತಲಾ 0.1 ಸೆಕೆಂಡೂ ಒಂದಕ್ಕೆ 10 ಸೆಕೆಂಡೂ ಹಿಡಿದವೆನ್ನೋಣ. ಸರಾಸರಿಯು ಸುಮಾರು 0.2 ಸೆಕೆಂಡು ಮಾತ್ರ! ಆ ಒಂದು ಪುಟವು 12 ಸೆಕೆಂಡಿನ ಸರದಿಯ ಬಹುಪಾಲನ್ನು ನುಂಗಿತೆಂಬುದು ಅದರಲ್ಲಿ ಕಾಣಿಸದು. ಆದಕಾರಣ ಅತಿ ನಿಧಾನವಾದುದನ್ನೂ ಬೇರೆಯಾಗಿ ಗುರುತಿಸಬೇಕು.

ಮೂರನೆಯದು, ಬರೆಯುವುದಕ್ಕೂ ಕಾಲ ಬೇಕು. ಅಡಿಗೆಯವಳು ಒಂದೊಂದು ಸೌಟಿಗೂ ಲೆಕ್ಕ ಬರೆಯುತ್ತ ನಿಂತರೆ ಊಟವು ತಡವಾಗದೆ? ಈ ಕಾರಣದಿಂದಲೇ ಸೂಕ್ಷ್ಮವಾದ ದಿನಚರಿಯನ್ನು ಬೇಕೆಂದಾಗ ಮಾತ್ರ ಬರೆಯಿಸುವರು.

ಇಷ್ಟು ಶ್ರಮವೇಕೆಂದು ಕೇಳಬಹುದು. ಪರೀಕ್ಷೆಯು ದಿನೇದಿನೇ ಭಾರವಾಗುತ್ತ ಹೋದರೆ, ಬೆಲೆಬಾಳುವ ಯಂತ್ರವುಳ್ಳವರು ಮಾತ್ರ ಲೆಕ್ಕವನ್ನು ನೋಡಬಲ್ಲರು. ಮಿಕ್ಕವರು ಅವರ ಮಾತನ್ನೇ ನಂಬಬೇಕಾಗುವುದು. ಯಾರು ಬೇಕಾದರೂ ಸರಿನೋಡಬಹುದೆಂಬ ಈ ಪುಸ್ತಕದ ಮೂಲೋದ್ದೇಶವೇ ಆಗ ಕೆಡುವುದು. ಸಾಧಾರಣ ಮನೆಯ ಕಂಪ್ಯೂಟರಿಗೂ ಆ ಅಧಿಕಾರವು ಉಳಿಯಬೇಕಾದರೆ, ಮಿಲಿಸೆಕೆಂಡುಗಳ ಲೆಕ್ಕವನ್ನು ನಂಬಿಗಸ್ತಿಕೆಯಿಂದ ಇಡುವವರು ಬೇಕು. ನಮ್ಮ ಸೋದರಿಯರು ಈ ಕೆಲಸಕ್ಕೆ ಕೈಹಾಕಿದರೆ, ಅದು ಕಣ್ಣಿಗೆ ಕಾಣದಿದ್ದರೂ ಅನೇಕರಿಗೆ ಉಪಕಾರವಾದ ಸೇವೆಯೇ ಸರಿ.