ಚಳಿಗಾಲವೂ ಪ್ರಣಯಕಥೆಯೂ

ಕಳೆದ ಡಿಸೆಂಬರ್ ರಜೆಯಲ್ಲಿ ಗೆಳತಿಯೊಬ್ಬಳು ನನಗೊಂದು ಇಂಗ್ಲಿಷ್ ಕಾದಂಬರಿಯನ್ನು ಕೊಟ್ಟಳು. ಹಿಮ ಸುರಿಯುವ ಬೆಟ್ಟದ ಮೇಲೊಂದು ವಿಹಾರಧಾಮ. ಅಲ್ಲಿಗೆ ಬಂದ ಒಬ್ಬ ಯುವತಿ. ಅವಳಿಗೆ ಮನಸೋತ ಮೂವರು ತರುಣರು. ಪಾಳ್ಯದ ನಮ್ಮ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು, ಕಣದಲ್ಲಿ ಹರವಿದ ಕಾಫಿಯನ್ನು ಕಾಯುತ್ತ, ಅದನ್ನು ಎರಡೇ ದಿನಗಳಲ್ಲಿ ಓದಿ ಮುಗಿಸಿದೆ. ಅಮ್ಮ ಪಠ್ಯಪುಸ್ತಕವೆಂದೇ ತಿಳಿದಿದ್ದರು.

ಇಂಥ ಕಥೆಗಳ ಯಂತ್ರ ಬಲು ಸರಳವಾದದ್ದು. ಹಿಮದಿಂದ ದಾರಿ ಮುಚ್ಚಬೇಕು, ಯಾರೂ ಹೊರಡುವಂತಿಲ್ಲ. ಬೆಂಕಿಗೂಡು ಒಂದೇ, ಆದ್ದರಿಂದ ಎಲ್ಲರೂ ಅದರ ಸುತ್ತಲೇ ಕೂರಬೇಕು. ಹಿರಿಯರು ದೂರದಲ್ಲಿರಬೇಕು. ಉಪಾಯವೇನೂ ಹೊಸದಲ್ಲ. ಷೇಕ್ಸ್‌ಪಿಯರನ ‘ಆಸ್ ಯು ಲೈಕ್ ಇಟ್’ ನಾಟಕದಲ್ಲಿ ಆರ್ಡೆನ್ ಅರಣ್ಯ ಮಾಡುವ ಕೆಲಸವೂ ಇದೇ. ಆಸ್ಥಾನ ಬಿಟ್ಟು ಬಂದವರು ಅಲ್ಲಿ ಪ್ರೇಮದ ಗೋಜಿನಲ್ಲಿ ಸಿಲುಕಿ, ಕೊನೆಗೆ ನಾಲ್ಕು ಜೋಡಿಗಳು ಕೂಡುತ್ತವೆ. ಆ ಗಂಟನ್ನು ಬಿಡಿಸುವವಳು ರೋಸಲಿಂಡ್, ಒಬ್ಬ ಹೆಣ್ಣು, ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ನಮ್ಮ ಸೀಮೆಯಲ್ಲಿ ಹಿಮವಿಲ್ಲ, ವಿಹಾರಧಾಮಗಳಿಗೇನೂ ಬರವಿಲ್ಲ. ಸಕಲೇಶಪುರದ ಸುತ್ತಿನ ತೋಟಗಳಲ್ಲೆಲ್ಲ ಈಗ ಹೋಂಸ್ಟೇಗಳು. ಶನಿವಾರ ಬಂದ ಬೆಂಗಳೂರಿನವರು ಮಂಜಿಗೆ ಮೈಯೊಡ್ಡಿ, ಟಿಪ್ಪು ಸುಲ್ತಾನ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಹತ್ತಿಳಿದು, ಭಾನುವಾರ ಹಿಂದಿರುಗುತ್ತಾರೆ. ಊರಿನವರಿಗಾದರೋ ಚಳಿಗಾಲವೆಂದರೆ ಮೈಮುರಿಯುವ ದುಡಿಮೆ. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೇ ರೋಬಸ್ಟಾ ಕೊಯ್ಲು. ಕಿತ್ತ ಹಣ್ಣನ್ನು ತೂಗಬೇಕು, ಒಣಗಿಸಬೇಕು, ಮೋಡ ಕಂಡರೆ ಓಡಿ ಮುಚ್ಚಬೇಕು. ಇದರ ನಡುವೆ ಮೂವರು ಪ್ರಣಯಿಗಳನ್ನು ತೂಗಿ ನೋಡುವುದಕ್ಕೆ ಪುರಸೊತ್ತೆಲ್ಲಿ?

ಕನ್ನಡ ಚಿತ್ರಗಳು ಪ್ರೇಮಕ್ಕೆ ಮಳೆಯನ್ನು ಆರಿಸಿಕೊಂಡದ್ದು ಸಹಜವೇ. ಶಿರಾಡಿ ಘಾಟಿ ಕುಸಿದಾಗ ದಾರಿ ಮುಚ್ಚುವುದರಲ್ಲಿ ನಮ್ಮ ಮಳೆ ಯಾವ ಹಿಮಕ್ಕೂ ಕಡಿಮೆಯಲ್ಲ! ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಸಕಲೇಶಪುರ, ಮಡಿಕೇರಿ, ಜೋಗಗಳ ಮಳೆಯಲ್ಲಿ ಅರಳಿದ ಕಥೆ. ಅಲ್ಲಿ ನಂದಿನಿಗೆ ಇಬ್ಬರು: ಮದುವೆ ಗೊತ್ತಾದ ಗೌತಮ್, ಮನಸ್ಸಿಗೆ ಬಂದ ಪ್ರೀತಮ್. ತೀರ್ಮಾನ ಯಾರದು? ಪ್ರೀತಮನದು. ಅವನು ತ್ಯಾಗ ಮಾಡುತ್ತಾನೆ, ಪ್ರೇಕ್ಷಕರು ಕಣ್ಣೀರಿಡುತ್ತಾರೆ, ನಂದಿನಿಯನ್ನು ಕೇಳಿದವರಿಲ್ಲ. ಅವರದೇ ‘ಗಾಳಿಪಟ’ದಲ್ಲಿ (2008) ಮೂವರು ಗೆಳೆಯರು, ಮೂವರು ಹುಡುಗಿಯರು, ಲೆಕ್ಕ ಸರಿಹೋಯಿತು. ‘ಗಾಳಿಪಟ 2’ (2022) ಹಿಮವನ್ನೂ ತೋರಿಸಿತು, ಆದರೆ ಅದಕ್ಕಾಗಿ ಕಜಕಿಸ್ತಾನದವರೆಗೆ ಹೋಗಬೇಕಾಯಿತು. ಒಬ್ಬ ಹುಡುಗಿ ಮೂವರನ್ನು ಪರೀಕ್ಷಿಸಿ ಇಬ್ಬರಿಗೆ ‘ಒಲ್ಲೆ’ ಎನ್ನುವ ಕಥೆಗೆ ಮಾತ್ರ ಇವುಗಳಲ್ಲಿ ಎಡೆ ಸಿಕ್ಕಲಿಲ್ಲ. ನನ್ನ ಮಟ್ಟಿಗೆ ಆ ಕಾದಂಬರಿಯ ತಿರುಳು ಹಿಮವಲ್ಲ, ಆ ‘ಒಲ್ಲೆ’. ಅದನ್ನು ಹೇಳುವುದಕ್ಕೆ ದೊರೆತ ಹತ್ತು ದಿನಗಳ ಬಿಡುವು.

ಮೂವರು ಬರುವುದು ನಮ್ಮ ಮನೆಗಳಲ್ಲೂ ಉಂಟು. ಹೋದ ವರ್ಷ ನನ್ನ ಅಕ್ಕನನ್ನು ನೋಡಲು ಮೂರು ಭಾನುವಾರ ಮೂವರು ಬಂದರು. ಮೂರು ಸಲವೂ ಅದೇ ಉಪ್ಪಿಟ್ಟು, ಅದೇ ಕೇಸರಿಬಾತು, ಅದೇ ಸೀರೆ. ಅವಳು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೂ ಹತ್ತು ನಿಮಿಷವಾಗಲಾರದು. ಒಪ್ಪಿದ್ದು ಮೂರನೆಯವರು, ಆಮೇಲೆ ಅವಳನ್ನೂ ಕೇಳಿದೆವೆನ್ನಿ.

ಕಾದಂಬರಿಯನ್ನು ಹಿಂದಿರುಗಿಸುವ ಮುನ್ನ ಅಕ್ಕನಿಗೂ ಕೊಟ್ಟೆ. ಓದಿ ಮುಗಿಸಿ, ಕಣದ ಕಡೆ ನೋಡುತ್ತ, “ಹಿಮಗಿಮ ಬೇಡ ಕಣೇ, ಆ ಎರಡನೇ ಭಾನುವಾರ ಮಳೆ ಬಂದು ನಾಲ್ಕು ದಿನ ದಾರಿ ಮುಚ್ಚಿದ್ದರೆ ಸಾಕಿತ್ತು” ಎಂದಳು.