ಒಂದೇ ಶನಿವಾರಕ್ಕೆ ಹಲವು ಸಭೆ: ಟೆಕ್ಕಿಗಳ ಮುಹೂರ್ತ ಸಂಕಟ

ಬೆಂಗಳೂರು: ಮದುವೆಗೆ ಮುಹೂರ್ತ ಸಿಗುವುದು ಕಷ್ಟ ಎಂಬುದು ಹಳೆಯ ಮಾತು. ಆಷಾಢ ಕಳೆಯಬೇಕು, ಪಂಚಾಂಗ ಒಪ್ಪಬೇಕು, ಕಲ್ಯಾಣ ಮಂಟಪ ಖಾಲಿ ಇರಬೇಕು. ಹೀಗಾಗಿ ಒಂದೇ ದಿನಕ್ಕೆ ಮೂರು ಲಗ್ನಪತ್ರಿಕೆಗಳು ಬಂದರೆ ಯಾರೂ ಅಚ್ಚರಿಪಡುವುದಿಲ್ಲ. ಆದರೆ ಪಂಚಾಂಗದ ಹಂಗೇ ಇಲ್ಲದ ತಂತ್ರಜ್ಞಾನ ಬಳಗಗಳ ಸಭೆಗಳೂ ಒಂದೇ ದಿನದ ಮೇಲೆ ಮುಗಿಬೀಳುವುದೇಕೆ?

ರಾಜಧಾನಿಯ ತಂತ್ರಜ್ಞರಿಗೆ ಈ ಪ್ರಶ್ನೆ ಹೊಸದಲ್ಲ. ಕೋರಮಂಗಲದಲ್ಲಿ ಪೈಥಾನ್ ಭಾಷೆಯ ಕುರಿತು ಉಪನ್ಯಾಸ, ಅದೇ ಹೊತ್ತಿಗೆ ವೈಟ್‌ಫೀಲ್ಡ್‌ನಲ್ಲಿ ಕ್ಲೌಡ್ ತಂತ್ರಜ್ಞಾನದ ಕಾರ್ಯಾಗಾರ, ಇಂದಿರಾನಗರದಲ್ಲಿ ಸಾಮಾಜಿಕ ಜಾಲತಾಣಗಳ ಬರಹಗಾರರ ಕೂಟ. ಇಂಥ ಶನಿವಾರದ ನಂತರ ಯಾವ ಸಭೆಯೂ ಇಲ್ಲದ ಎರಡು ವಾರಾಂತ್ಯಗಳು ಬರಬಹುದು. ಮೇಲ್ನೋಟಕ್ಕೆ ಇದು ಸಣ್ಣ ಅನನುಕೂಲ. ಆದರೆ ಟಿಕೆಟ್ ಹಣವಿಲ್ಲದೆ, ಸ್ವಯಂಸೇವಕರ ಬಿಡುವಿನ ವೇಳೆಯಲ್ಲಿ ನಡೆಯುವ ಸಣ್ಣ ಬಳಗಗಳ ಪಾಲಿಗೆ ಇದು ಅಳಿವು ಉಳಿವಿನ ವಿಷಯ.

ಬಳಗಗಳು ಬೆಳೆದ ಬಗೆ

ಬೆಂಗಳೂರಿನಲ್ಲಿ ಇಂಥ ಕೂಟಗಳ ಪರಂಪರೆಗೆ ಎರಡು ದಶಕಗಳಿಗೂ ಹೆಚ್ಚಿನ ಇತಿಹಾಸವಿದೆ. ಮುಕ್ತ ತಂತ್ರಾಂಶದ ಆಸಕ್ತರು 2001ರಲ್ಲಿ ಆರಂಭಿಸಿದ ಲಿನಕ್ಸ್ ಬೆಂಗಳೂರು ಸಮಾವೇಶ 2005ರಲ್ಲಿ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದು, 2012ರವರೆಗೆ ನಡೆಯಿತು. ಆಹ್ವಾನಿತರಿಗೆ ಮಾತ್ರ ಪ್ರವೇಶವಿದ್ದ ಫೂ ಕ್ಯಾಂಪ್‌ಗೆ ಪ್ರತಿಯಾಗಿ ಅಮೆರಿಕದ ಪಾಲೊ ಆಲ್ಟೊದಲ್ಲಿ 2005ರ ಆಗಸ್ಟ್‌ನಲ್ಲಿ ಹುಟ್ಟಿದ ಬಾರ್‌ಕ್ಯಾಂಪ್, ಮರುವರ್ಷವೇ ಬೆಂಗಳೂರಿಗೆ ಕಾಲಿಟ್ಟಿತು. ಬಂದವರೇ ವಿಷಯ ಆಯ್ದುಕೊಂಡು ಮಾತನಾಡುವ ಈ ಬಗೆಯ ಸಭೆಗೆ ವೇದಿಕೆಯೂ ಬೇಡ, ಅಧ್ಯಕ್ಷರೂ ಬೇಡ. ಭಾರತದ ಮೊದಲ ಪೈಕಾನ್ ಸಮ್ಮೇಳನ 2009ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜರುಗಿತು.

ಟ್ವಿಟರ್ 2006ರಲ್ಲಿ ಆರಂಭವಾದ ಮೇಲೆ ಮತ್ತೊಂದು ಬಗೆಯ ಕೂಟ ಸೇರಿಕೊಂಡಿತು. ಪರದೆಯ ಮೇಲಷ್ಟೇ ಪರಿಚಯವಿದ್ದವರು ಕಾಫಿ ಅಂಗಡಿಯಲ್ಲಿ ಮುಖಾಮುಖಿಯಾಗುವ ಟ್ವೀಟಪ್‌ಗಳು ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ರೂಢಿಗೆ ಬಂದವು. ಮೊದಮೊದಲು ತಂತ್ರಜ್ಞರು ಬೇರೆ, ಜಾಲತಾಣ ಬರಹಗಾರರು ಬೇರೆ ಎಂಬ ಭೇದವಿರಲಿಲ್ಲ. ಎಲ್ಲ ಕಡೆಯೂ ಅದೇ ನೂರಿನ್ನೂರು ಮುಖಗಳು. ಊರು ಬೆಳೆದಂತೆ ಒಂದು ಬಳಗ ಹತ್ತಾಗಿ ಕವಲೊಡೆಯಿತು. ಭಾಷೆಗೊಂದು, ಸಾಧನಕ್ಕೊಂದು, ಬಡಾವಣೆಗೊಂದು ಗುಂಪು ಹುಟ್ಟಿದವು. ಬಳಗಗಳ ಸಂಖ್ಯೆ ಬೆಳೆದರೂ ಶನಿವಾರಗಳ ಸಂಖ್ಯೆ ಬೆಳೆಯಲಿಲ್ಲ.

ಶನಿವಾರವೇ ಏಕೆ?

ದಿನದ ಆಯ್ಕೆಯಲ್ಲಿ ಸಂಘಟಕರಿಗೆ ಕಾಣುವಷ್ಟು ಸ್ವಾತಂತ್ರ್ಯವಿಲ್ಲ. ಕೆಲಸದ ದಿನ ಸಂಜೆ ಆರಕ್ಕೆ ಸಭೆ ಕರೆದರೆ ಎಲೆಕ್ಟ್ರಾನಿಕ್ ಸಿಟಿಯವರು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅರ್ಧ ಸಭೆ ಮುಗಿದಿರುತ್ತದೆ. ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಮಾರ್ಗಕ್ಕೆ 2025ರ ಆಗಸ್ಟ್‌ನಲ್ಲಿ ಮೆಟ್ರೋ ಬಂದಿದೆಯಾದರೂ, ನಿಲ್ದಾಣದಿಂದ ಸಭಾಸ್ಥಳಕ್ಕೆ ತಲುಪುವ ಪಾಡು ಉಳಿದೇ ಇದೆ. ಭಾನುವಾರ ಮನೆ ಮಂದಿಗೆ ಮೀಸಲು. ಕನ್ನಡದ ಪುಸ್ತಕ ಬಿಡುಗಡೆ ಸಮಾರಂಭಗಳಿಗೆ ಭಾನುವಾರದ ಬೆಳಗು ಬಹುಕಾಲದ ವಾಡಿಕೆ. ಅಲ್ಲಿಯೂ ಓದುಗರು ಒಂದು ಸಭಾಂಗಣ ಬಿಟ್ಟು ಇನ್ನೊಂದಕ್ಕೆ ಓಡುವುದು ಇದೇ ಕಾರಣಕ್ಕೆ.

ಉಳಿಯುವುದು ಶನಿವಾರದ ಬೆಳಗು. ಅಂದು ಕಂಪನಿಗಳ ಕಚೇರಿ ಖಾಲಿಯಾಗಿರುವುದರಿಂದ ಸಭಾಂಗಣ ಪುಕ್ಕಟೆಯಾಗಿ ದೊರೆಯುತ್ತದೆ. ಆದರೆ ಅದಕ್ಕೂ ಷರತ್ತುಗಳಿವೆ. ಆ ಕಂಪನಿಯ ನೌಕರರೊಬ್ಬರು ಬಂದು ಬಾಗಿಲು ತೆರೆಸಬೇಕು, ಬರುವವರ ಹೆಸರು ಭದ್ರತಾ ಸಿಬ್ಬಂದಿಗೆ ಮೊದಲೇ ತಲುಪಬೇಕು. ಅವರು ಒಪ್ಪಿದ ದಿನವೇ ಸಭೆಯ ದಿನ.

ತಿಂಗಳುಗಳಿಗೂ ಇದೇ ಕಥೆ. ಮಾರ್ಚ್ ಕೊನೆ ಹಣಕಾಸು ವರ್ಷದ ಗಡಿಬಿಡಿ, ಡಿಸೆಂಬರ್ ಕೊನೆ ರಜೆಯ ಕಾಲ. ಹಬ್ಬ, ದೀರ್ಘ ವಾರಾಂತ್ಯಗಳನ್ನು ಕಳೆದರೆ ವರ್ಷದ 52 ಶನಿವಾರಗಳಲ್ಲಿ ಅನುಕೂಲವಾದವು ಎಷ್ಟೋ ಕಡಿಮೆ. ಮುಕ್ತ ತಂತ್ರಾಂಶದ ಇಂಡಿಯಾಫಾಸ್ ಸಮಾವೇಶ 2024ರಲ್ಲಿ ನಿಮ್ಹಾನ್ಸ್ ಸಭಾಂಗಣದಲ್ಲಿ ನಡೆದದ್ದು ಸೆಪ್ಟೆಂಬರ್ 7 ಮತ್ತು 8ರಂದು. ಮೊದಲ ದಿನವೇ ಗಣೇಶ ಚತುರ್ಥಿ. ಅದಾದ ಎರಡೇ ವಾರಕ್ಕೆ, ಸೆಪ್ಟೆಂಬರ್ 20ರಿಂದ 23ರವರೆಗೆ, ಪೈಕಾನ್ ಇಂಡಿಯಾ ಇದೇ ನಗರದಲ್ಲಿ ಜರುಗಿತು. 2025ರಲ್ಲಿ ಪೈಕಾನ್ ಸೆಪ್ಟೆಂಬರ್ 12ರಿಂದ 15ರವರೆಗೆ ನಡೆದರೆ, ಇಂಡಿಯಾಫಾಸ್ 20 ಮತ್ತು 21ರಂದು. ಒಂದರ ಮೇಲೊಂದು ಬೀಳಲಿಲ್ಲ ನಿಜ. ಆದರೆ ಪ್ರೇಕ್ಷಕರು, ಸ್ವಯಂಸೇವಕರು ಬಹುಪಾಲು ಒಂದೇ ವಲಯದವರಾದಾಗ ಅಂಟಿಕೊಂಡ ವಾರಾಂತ್ಯಗಳೂ ಭಾರವೇ.

ಲೆಕ್ಕ ಏನು ಹೇಳುತ್ತದೆ?

ಸಂಘಟಕರ ಅಜಾಗರೂಕತೆಯೇ ಘರ್ಷಣೆಗೆ ಕಾರಣ ಎಂಬುದು ಸಾಮಾನ್ಯ ದೂರು. ಗಣಿತ ಬೇರೆಯದನ್ನೇ ಹೇಳುತ್ತದೆ. ಒಂಬತ್ತು ಬಳಗಗಳು ವರ್ಷಕ್ಕೊಂದು ಸಮಾವೇಶ ನಡೆಸುತ್ತವೆ ಎಂದಿಟ್ಟುಕೊಳ್ಳೋಣ. ಪರಸ್ಪರ ವಿಚಾರಿಸದೆ, ಚೀಟಿ ಎತ್ತಿದಂತೆ 52 ಶನಿವಾರಗಳಲ್ಲಿ ಒಂದನ್ನು ಆಯ್ದುಕೊಂಡರೆ, ಕನಿಷ್ಠ ಎರಡು ಸಮಾವೇಶಗಳು ಒಂದೇ ದಿನಕ್ಕೆ ಬೀಳುವ ಸಾಧ್ಯತೆ ನೂರಕ್ಕೆ 52. ಬಳಗಗಳು 20 ಆದರೆ ಅದು ನೂರಕ್ಕೆ 98ಕ್ಕೂ ಹೆಚ್ಚು. ಅನುಕೂಲದ ಶನಿವಾರಗಳು 35 ಮಾತ್ರ ಎಂದಾದರೆ ಎಂಟೇ ಬಳಗಗಳಿಗೆ ನೂರಕ್ಕೆ 58ರ ಸಾಧ್ಯತೆ.

ಒಂದು ಕೊಠಡಿಯಲ್ಲಿ 23 ಜನರಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂಬ ಪ್ರಸಿದ್ಧ ಸಮಸ್ಯೆಯ ಹಿಂದಿರುವುದೂ ಇದೇ ಲೆಕ್ಕ. ಒಂಬತ್ತು ಬಳಗಗಳಿದ್ದರೆ ಹೊಂದಾಣಿಕೆ ಆಗಬೇಕಾದ ಜೋಡಿಗಳು 36, ಇಪ್ಪತ್ತಿದ್ದರೆ 190. ಬಳಗಗಳು ಇಮ್ಮಡಿಯಾದರೆ ಘರ್ಷಣೆಯ ಅವಕಾಶ ನಾಲ್ಕು ಪಟ್ಟಿಗೂ ಮೀರುತ್ತದೆ.

ಇದು ಚೀಟಿ ಎತ್ತಿದಾಗಿನ ಲೆಕ್ಕ. ವಾಸ್ತವದಲ್ಲಿ ಯಾರೂ ಚೀಟಿ ಎತ್ತುವುದಿಲ್ಲ, ಎಲ್ಲರೂ ಬುದ್ಧಿ ಉಪಯೋಗಿಸುತ್ತಾರೆ. ತೊಂದರೆ ಹೆಚ್ಚುವುದೇ ಅಲ್ಲಿ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1960ರ ತಮ್ಮ ಕೃತಿಯಲ್ಲಿ ಒಂದು ಪ್ರಯೋಗ ವಿವರಿಸಿದ್ದಾರೆ. ಮಾತುಕತೆಯೇ ಇಲ್ಲದೆ ಇಬ್ಬರು ನ್ಯೂಯಾರ್ಕ್‌ನಲ್ಲಿ ಭೇಟಿಯಾಗಬೇಕಿದ್ದರೆ ಎಲ್ಲಿ, ಯಾವಾಗ ಎಂದು ಕೇಳಿದಾಗ ಹೆಚ್ಚಿನವರು ಹೇಳಿದ ಸ್ಥಳ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ, ಬಹುತೇಕ ಎಲ್ಲರೂ ಹೇಳಿದ ಹೊತ್ತು ನಡುಮಧ್ಯಾಹ್ನ. ಸಮಾನ ತಿಳಿವಳಿಕೆಯವರು ಸ್ವತಂತ್ರವಾಗಿ ಯೋಚಿಸಿದರೂ ಒಂದೇ ಉತ್ತರಕ್ಕೆ ಬರುತ್ತಾರೆ ಎಂಬುದು ಇದರ ತಿರುಳು. ಶೆಲ್ಲಿಂಗ್ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಭೇಟಿಯಾಗಬೇಕಾದವರಿಗೆ ವರವಾದ ಈ ಗುಣ, ಪರಸ್ಪರ ತಪ್ಪಿಸಿಕೊಳ್ಳಬೇಕಾದ ಸಂಘಟಕರಿಗೆ ಶಾಪ. ಹಬ್ಬ ಬಿಟ್ಟು, ಪರೀಕ್ಷೆ ಬಿಟ್ಟು, ತಿಂಗಳ ಕೊನೆ ಬಿಟ್ಟು ಒಬ್ಬರು ಹುಡುಕಿದ ಒಳ್ಳೆಯ ದಿನವನ್ನೇ ಉಳಿದವರೂ ಹುಡುಕಿರುತ್ತಾರೆ.

ಪೆಟ್ಟು ಯಾರಿಗೆ?

ಎಲ್ಲ ಘರ್ಷಣೆಗಳೂ ಹಾನಿಕರವಲ್ಲ. ಮಾಹಿತಿ ಸುರಕ್ಷತೆಯ ಸಭೆಗೂ ಆಹಾರದ ಚಿತ್ರ ಹಂಚಿಕೊಳ್ಳುವವರ ಕೂಟಕ್ಕೂ ಪ್ರೇಕ್ಷಕರು ಬೇರೆ ಬೇರೆ. ಕೆಲವೊಮ್ಮೆ ಒಂದೇ ವಾರ ಬೇಕೆಂದೇ ಆಯ್ದುಕೊಳ್ಳುವುದೂ ಉಂಟು. ಸರ್ಕಾರದ ಬೆಂಗಳೂರು ಟೆಕ್ ಶೃಂಗಸಭೆ 2024ರಲ್ಲಿ ನವೆಂಬರ್ 19ರಿಂದ 21ರವರೆಗೆ, 2025ರಲ್ಲಿ 18ರಿಂದ 20ರವರೆಗೆ ನಡೆಯಿತು. ಅಂಥ ಮೇಳಕ್ಕೆ ಹೊರಗಿನಿಂದ ಬಂದ ತಜ್ಞರನ್ನು ಸಂಜೆ ತಮ್ಮ ಬಳಗಕ್ಕೆ ಕರೆಯುವುದು ಜಾಣತನವೇ. ಒಂದೇ ವಿಷಯದ, ಒಂದೇ ಪ್ರೇಕ್ಷಕವರ್ಗದ ಸಭೆಗಳು ಒಂದೇ ಗಂಟೆಗೆ ಬಿದ್ದಾಗ ಮಾತ್ರ ನಷ್ಟ.

ಆ ನಷ್ಟ ಸಮನಾಗಿ ಹಂಚಿಹೋಗುವುದಿಲ್ಲ. ದೊಡ್ಡ ಕಂಪನಿಯ ಸಮಾವೇಶದಲ್ಲಿ ಊಟ, ಉಡುಗೊರೆ, ಹೆಸರಾಂತ ಭಾಷಣಕಾರರು ಇರುತ್ತಾರೆ, ನೂರು ಜನ ಕಡಿಮೆಯಾದರೂ ಅದು ನಡೆಯುತ್ತದೆ. ಮೂವತ್ತು ಜನ ಸೇರುವ ಬಳಗಕ್ಕೆ ಎಂಟೇ ಮಂದಿ ಬಂದರೆ ಭಾಷಣಕಾರರ ಉತ್ಸಾಹ ಬತ್ತುತ್ತದೆ, ಸ್ಥಳ ಕೊಟ್ಟ ಕಂಪನಿ ಮುಂದಿನ ತಿಂಗಳು ಹಿಂದೇಟು ಹಾಕುತ್ತದೆ. ಎರಡು ಮೂರು ಬಾರಿ ಹೀಗಾದರೆ ಸಂಘಟಕರೇ ಕೈಚೆಲ್ಲುತ್ತಾರೆ. ಬಳಗ ಮುಚ್ಚಿತೆಂದು ಯಾರೂ ಘೋಷಿಸುವುದಿಲ್ಲ, ಮುಂದಿನ ಸಭೆಯ ಪ್ರಕಟಣೆ ಬರುವುದಿಲ್ಲ, ಅಷ್ಟೆ.

ಉಚಿತ ನೋಂದಣಿ ಈ ನಷ್ಟವನ್ನು ಮರೆಮಾಚುತ್ತದೆ. ದುಡ್ಡು ಕೊಡಬೇಕಿಲ್ಲವಾದ್ದರಿಂದ ಒಬ್ಬರೇ ಎರಡೂ ಸಭೆಗಳಿಗೆ ಹೆಸರು ಕೊಟ್ಟು, ಬೆಳಿಗ್ಗೆ ಎದ್ದು ಒಂದನ್ನು ಆಯ್ದುಕೊಳ್ಳುತ್ತಾರೆ. ಎರಡೂ ಕಡೆ ಅವರ ಲೆಕ್ಕಕ್ಕೆ ಊಟ ಬೇಯುತ್ತದೆ, ಒಂದು ಕಡೆ ಉಳಿಯುತ್ತದೆ.

ಇನ್ನೊಂದು ವರ್ಗದ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ತುಮಕೂರು, ಮಂಡ್ಯ, ಕೋಲಾರದ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತರ ಶಿಫಾರಸು ಇಲ್ಲದೆ ಉದ್ಯಮದವರನ್ನು ಎದುರಾಬದುರು ಕಾಣುವ ಬಾಗಿಲು ಈ ಸಭೆಗಳು. ಬೆಳಗಿನ ರೈಲು ಹಿಡಿದು ಬರುವವರಿಗೆ ಒಂದೇ ದಿನದ ಎರಡು ಸಭೆಗಳಲ್ಲಿ ಸಿಗುವುದು ಒಂದು. ಅವು ಬೇರೆ ಬೇರೆ ವಾರ ನಡೆದಿದ್ದರೆ ಎರಡೂ ಸಿಗುತ್ತಿದ್ದವು.

ಚದುರಿದ ಸುದ್ದಿ

ವಿಚಾರಿಸಿ ದಿನ ಗೊತ್ತುಮಾಡಬಾರದೇ ಎಂದರೆ, ಎಲ್ಲಿ ವಿಚಾರಿಸುವುದು ಎಂಬುದೇ ಪ್ರಶ್ನೆ. ನ್ಯೂಯಾರ್ಕ್‌ನಲ್ಲಿ 2002ರಲ್ಲಿ ಮೀಟಪ್, 2003ರಲ್ಲಿ ಅಪ್‌ಕಮಿಂಗ್ ತಾಣಗಳು ಆರಂಭವಾದಾಗ ಊರಿನ ಸಭೆಗಳೆಲ್ಲ ಒಂದೆಡೆ ಕಾಣುವ ಕಾಲ ಬಂತೆಂಬ ಭರವಸೆ ಇತ್ತು. ಅಪ್‌ಕಮಿಂಗ್ ತಾಣವನ್ನು ಯಾಹೂ 2005ರಲ್ಲಿ ಕೊಂಡು 2013ರಲ್ಲಿ ಮುಚ್ಚಿತು. ಮೀಟಪ್ 2017ರಲ್ಲಿ ವಿವರ್ಕ್ ಪಾಲಾಗಿ, 2020ರಲ್ಲಿ ಮತ್ತೆ ಮಾರಾಟಗೊಂಡು, 2024ರಲ್ಲಿ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿಯ ಕೈಸೇರಿತು. ಈಗ ಒಂದು ಬಳಗದ ಪ್ರಕಟಣೆ ಮೀಟಪ್‌ನಲ್ಲಿದ್ದರೆ ಮತ್ತೊಂದರದು ಲಿಂಕ್ಡ್‌ಇನ್‌ನಲ್ಲಿ, ಮಗದೊಂದರದು ಟೆಲಿಗ್ರಾಂ ಅಥವಾ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಗುಂಪಿನ ಹೊರಗಿರುವವರಿಗೆ, ಅಂದರೆ ಬೇರೆ ಬಳಗದ ಸಂಘಟಕರಿಗೆ, ಅದು ಗೋಚರಿಸುವುದೇ ಇಲ್ಲ.

ಪೋರ್ಟ್‌ಲೆಂಡ್ ಕಂಡುಕೊಂಡ ದಾರಿ

ಇದೇ ಸಂಕಟ ಎದುರಿಸಿದ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಪ್ರಯತ್ನ ಇಲ್ಲಿ ಉಲ್ಲೇಖನೀಯ. ಅಲ್ಲಿನ ತಂತ್ರಜ್ಞರು 2008ರಲ್ಲಿ ಕ್ಯಾಲಗೇಟರ್ ಎಂಬ ಸಾಮುದಾಯಿಕ ದಿನದರ್ಶಿ ರೂಪಿಸಿದರು. ಊರಿನ ತಂತ್ರಜ್ಞಾನ ಸಭೆಯ ವಿವರವನ್ನು ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು. ಒಂದೇ ಸಭೆ ಎರಡು ಬಾರಿ ದಾಖಲಾದರೆ ಅವನ್ನು ಒಂದಾಗಿಸುವ ಸೌಲಭ್ಯವೂ ಇತ್ತು. ತಂತ್ರಾಂಶವನ್ನು ಮುಕ್ತವಾಗಿ ಬಿಡುಗಡೆ ಮಾಡಲಾಯಿತು.

ಇದರ ಹಿಂದಿನ ತಂತ್ರ ಸರಳ. ದಿನದರ್ಶಿಗಳ ನಡುವೆ ಮಾಹಿತಿ ವಿನಿಮಯಕ್ಕೆ ಐಕ್ಯಾಲೆಂಡರ್ ಎಂಬ ಮಾನಕ 1998ರಿಂದಲೇ ಇದ್ದು, 2009ರಲ್ಲಿ ಪರಿಷ್ಕೃತವಾಗಿದೆ. ಸಭೆಯ ಹೆಸರು, ಆರಂಭ, ಅಂತ್ಯ, ಸ್ಥಳ ಇವಿಷ್ಟನ್ನು ಸರಳ ಪಠ್ಯದ ಸಾಲುಗಳಲ್ಲಿ ಬರೆದು, ಪ್ರತಿ ಸಭೆಗೂ ಒಂದು ವಿಶಿಷ್ಟ ಗುರುತು ಕೊಡಲಾಗುತ್ತದೆ. ಆ ಗುರುತಿನ ಬಲದಿಂದ ದಿನಾಂಕ ಬದಲಾದಾಗ ಹೊಸ ನಮೂದು ಹುಟ್ಟದೆ ಹಳೆಯದೇ ತಿದ್ದಲ್ಪಡುತ್ತದೆ. ಗೂಗಲ್, ಆ್ಯಪಲ್, ಮೈಕ್ರೋಸಾಫ್ಟ್‌ನ ದಿನದರ್ಶಿಗಳೆಲ್ಲ ಇದನ್ನು ಓದಬಲ್ಲವು. ಬಳಗಗಳು ತಮಗೆ ಇಷ್ಟವಾದ ತಾಣದಲ್ಲೇ ಉಳಿದು, ಈ ಕಡತವನ್ನು ಮಾತ್ರ ಬಹಿರಂಗವಾಗಿಟ್ಟರೂ ಸಾಕು.

ಯಂತ್ರಕ್ಕಿಂತ ರೂಢಿ ಮುಖ್ಯ

ದಿನದರ್ಶಿ ಇದ್ದರೂ ದಿನಾಂಕ ತಡವಾಗಿ ಪ್ರಕಟವಾದರೆ ಪ್ರಯೋಜನವಿಲ್ಲ. ಸ್ಥಳ ಖಚಿತವಾಗುವವರೆಗೆ ಸುದ್ದಿ ಬಿಟ್ಟುಕೊಡದಿರುವುದು ಹೆಚ್ಚಿನವರ ಅಭ್ಯಾಸ. ಸ್ಥಳ ಆಮೇಲೆ ತಿಳಿಸಿದರೂ ಸರಿ, ದಿನವನ್ನು ಆರು ವಾರ ಮೊದಲೇ ‘ತಾತ್ಕಾಲಿಕ’ ಎಂದು ಸಾರಿದರೆ ಉಳಿದವರು ದಾರಿ ಬಿಡಬಹುದು.

ಮಾಸಿಕ ಸಭೆಗಳಿಗೆ ಇನ್ನೂ ಸುಲಭದ ಉಪಾಯವೆಂದರೆ ‘ಮೂರನೇ ಶನಿವಾರ’ ಎಂಬಂಥ ಖಾಯಂ ನಿಯಮ. ತಿಂಗಳಿಗೆ ನಾಲ್ಕೇ ಶನಿವಾರವಿರುವಾಗ ಐದು ಬಳಗಗಳಿದ್ದರೆ ಎರಡು ಒಂದೇ ದಿನ ಬೀಳುವುದು ಖಚಿತ. ಆದರೆ ಆ ಘರ್ಷಣೆ ಮೊದಲೇ ಗೊತ್ತಿರುತ್ತದೆ. ಒಬ್ಬರು ಬೆಳಿಗ್ಗೆ, ಇನ್ನೊಬ್ಬರು ಸಂಜೆ ಎಂದು ಒಮ್ಮೆ ಮಾತಾಡಿಕೊಂಡರೆ ವರ್ಷವಿಡೀ ನೆಮ್ಮದಿ. ಪ್ರತಿ ತಿಂಗಳೂ ದಿನ ಬದಲಿಸುವವರು ಪ್ರತಿ ತಿಂಗಳೂ ಹೊಸದಾಗಿ ಡಿಕ್ಕಿ ಹೊಡೆಯುತ್ತಾರೆ.

ಕೂಡಿಕೊಳ್ಳುವುದು ಮೂರನೆಯ ದಾರಿ. ಬೆಂಗಳೂರಿನ ಮಾಹಿತಿ ಸುರಕ್ಷತಾ ಬಳಗಗಳಾದ ನಲ್, ಓವಾಸ್ಪ್ ಮೊದಲಾದವು ಒಬ್ಬರ ಪ್ರೇಕ್ಷಕರನ್ನು ಇನ್ನೊಬ್ಬರು ಸೆಳೆಯುವ ಬದಲು ಸಂಯುಕ್ತ ಸಭೆಗಳನ್ನು ನಡೆಸಿದ್ದು ಇದಕ್ಕೆ ನಿದರ್ಶನ. ಹೆಸರು ಉಳಿಯಿತು, ಸಭಾಂಗಣ ಒಂದಾಯಿತು, ಭಾಷಣಕಾರರನ್ನು ಹುಡುಕುವ ಹೊರೆ ಹಂಚಿಹೋಯಿತು.

ಯಾರ ಒಡೆತನವೂ ಇಲ್ಲದ ಈ ಬಳಗಗಳಿಗೆ ದಿನಾಂಕ ಹಂಚುವ ಅಧಿಕಾರಿಯೊಬ್ಬರನ್ನು ನೇಮಿಸಲಾಗದು, ನೇಮಿಸಿದರೆ ಅವುಗಳ ಜೀವಂತಿಕೆಯೇ ಹೋದೀತು. ಹಾಗಾಗಿ ಹೊಣೆ ದೊಡ್ಡವರ ಮೇಲೆ ಹೆಚ್ಚು. ವರ್ಷಕ್ಕೊಮ್ಮೆ ಸಮಾವೇಶ ನಡೆಸುವ ಕಂಪನಿಗಳಿಗೆ ದಿನ ಬದಲಿಸುವ ಶಕ್ತಿಯಿದೆ, ವಿಚಾರಿಸಲು ಸಿಬ್ಬಂದಿಯೂ ಇದ್ದಾರೆ. ದಿನ ಗೊತ್ತುಮಾಡುವ ಮುನ್ನ ಆ ವಿಷಯದ ಎರಡು ಮೂರು ಸಣ್ಣ ಬಳಗಗಳಿಗೆ ಒಂದು ಸಂದೇಶ ಕಳುಹಿಸಿದರೆ ಖರ್ಚೇನೂ ಇಲ್ಲ. ಆ ಬಳಗಗಳಲ್ಲಿ ಇಂದು ಹಿಂದಿನ ಸಾಲಿನಲ್ಲಿ ಕುಳಿತವರೇ ನಾಳೆ ಆ ಕಂಪನಿಗಳಿಗೆ ಬೇಕಾಗುವ ತಂತ್ರಜ್ಞರು.