17 ಪರಮಾಣುಗಳ ಚಮತ್ಕಾರ

ಎಷ್ಟು ಪುಟ್ಟದು ಗೊತ್ತೇ ಈ ಪ್ರೋಲಿನ್? ಐದು ಇಂಗಾಲ, ಒಂಬತ್ತು ಜಲಜನಕ, ಎರಡು ಆಮ್ಲಜನಕ, ಒಂದೇ ಒಂದು ಸಾರಜನಕ. ಒಟ್ಟು 17 ಪರಮಾಣು, ಅಷ್ಟೇ! ನಮ್ಮ ಚರ್ಮದಲ್ಲಿ, ಮೂಳೆಯಲ್ಲಿ ಧಾರಾಳವಾಗಿರುವ ಅಮೈನೋ ಆಮ್ಲ. ದೈತ್ಯ ಕಿಣ್ವಗಳಿಗೆ ಒಲಿದಿದ್ದ ವಿದ್ಯೆಯನ್ನು ಈ ಪುಟಾಣಿ ಫ್ಲಾಸ್ಕಿನೊಳಗೆ ಮಾಡಿ ತೋರಿಸಿತು.

ಏನದು ವಿದ್ಯೆ? ಎಷ್ಟೋ ಅಣುಗಳು ನಮ್ಮ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬ. ಕಾರ್ವೋನ್ ಎಂಬ ಅಣುವಿನ ಒಂದು ರೂಪಕ್ಕೆ ಸ್ಪಿಯರ್‌ಮಿಂಟ್ ಪುದೀನದ ಕಂಪು. ಅದರ ಬಿಂಬ ಇರುವುದು ನಮ್ಮ ಸಬ್ಬಸಿಗೆ ಬೀಜದಲ್ಲಿ! ಮೂಗಿಗೇ ತಿಳಿಯುವ ಈ ಭೇದ ದೇಹಕ್ಕೆ ತಿಳಿಯದೇ? ಎಷ್ಟೋ ಔಷಧಿಗಳಲ್ಲಿ ಒಂದು ರೂಪ ಬೇಕು, ಇನ್ನೊಂದು ಬೇಡ. ಆದರೆ ಸುಮ್ಮನೆ ಬೆರೆಸಿದರೆ ಎರಡೂ ಸಮಸಮ ಹುಟ್ಟುತ್ತವೆ. ಬೇಕಾದ ರೂಪವನ್ನಷ್ಟೇ ಹುಟ್ಟಿಸುವುದೇ ಆ ವಿದ್ಯೆ.

ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿದ್ದ ರಸಾಯನವಿಜ್ಞಾನಿ ಬೆಂಜಮಿನ್ ಲಿಸ್ಟ್ ಕೇಳಿಕೊಂಡ ಪ್ರಶ್ನೆ ಬೆರಗುಗೊಳಿಸುವಷ್ಟು ಸರಳ: ನೂರಾರು ಅಮೈನೋ ಆಮ್ಲಗಳ ಕಿಣ್ವದಲ್ಲಿ ನಿಜವಾದ ರಸಾಯನ ನಡೆಸುವವು ಕೆಲವೇ ಕೆಲವು, ಹಾಗಾದರೆ ಒಂದೇ ಸಾಲದೇ?

ಸಾಕಾಯಿತು! ಬೆಸೆಯಬೇಕಾದದ್ದು ಎರಡು ಅಣುಗಳನ್ನು: ಒಂದು ಅಸಿಟೋನ್, ಇನ್ನೊಂದು ಆಲ್ಡಿಹೈಡ್ ಗುಂಪಿನದು. ಪ್ರೋಲಿನ್‌ನ ಸಾರಜನಕ ಅಸಿಟೋನನ್ನು ಹಿಡಿಯುತ್ತದೆ. ಒಂದು ನೀರಿನ ಅಣು ಹೊರಬೀಳುತ್ತದೆ. ಪ್ರೋಲಿನ್‌ನ ಆಮ್ಲದ ತುದಿ ಜಲಜನಕ ಬಂಧದಿಂದ ಆಲ್ಡಿಹೈಡನ್ನು ಸೆಳೆದು, ಬೇಕಾದ ಮಗ್ಗುಲಿಗೇ ತಿರುಗಿಸಿ ನಿಲ್ಲಿಸುತ್ತದೆ. ಇಂಗಾಲಕ್ಕೆ ಇಂಗಾಲ ಬೆಸೆದುಕೊಳ್ಳುತ್ತದೆ. ಆಮೇಲೆ ನೀರು ಮತ್ತೆ ಒಳಬಂದು ಹೊಸ ಅಣುವನ್ನು ಬಿಡಿಸುತ್ತದೆ, ಪ್ರೋಲಿನ್ ಇದ್ದ ಹಾಗೇ ಹೊರಬಂದು ಮುಂದಿನ ಜೋಡಿಗೆ ಸಿದ್ಧ! ಹೋದ ನೀರೇ ಬಂದು ಕೆಲಸ ಮುಗಿಸುವ ಈ ಲೆಕ್ಕಾಚಾರವೇ ನನಗೆ ಎಲ್ಲಕ್ಕಿಂತ ಸೊಗಸು. ಐಸೋಬ್ಯುಟಿರಾಲ್ಡಿಹೈಡ್ ಎಂಬ ಆಲ್ಡಿಹೈಡನ್ನು ಬಳಸಿದಾಗ, ಹುಟ್ಟಿದ ನೂರು ಅಣುಗಳಲ್ಲಿ 98 ಒಂದೇ ರೂಪದವು. ದುಬಾರಿ ಲೋಹವಿಲ್ಲ, ಕುದಿಸುವುದಿಲ್ಲ; ಕೋಣೆಯ ಉಷ್ಣತೆಯೇ ಸಾಕು.

ಇನ್ನೂ ಅಚ್ಚರಿಯೆಂದರೆ, 1970ರ ದಶಕದಲ್ಲೇ ಔಷಧ ಕಂಪನಿಗಳ ವಿಜ್ಞಾನಿಗಳು ಪ್ರೋಲಿನನ್ನು ಇಂಥದೇ ಕೆಲಸಕ್ಕೆ ಹಚ್ಚಿದ್ದರು. ಅದರೊಳಗೆ ಇಡೀ ಒಂದು ವಿಜ್ಞಾನಶಾಖೆಯೇ ಅಡಗಿದೆಯೆಂದು ಕಾಲು ಶತಮಾನ ಯಾರೂ ಗಮನಿಸಲಿಲ್ಲ. 2000ದಲ್ಲಿ ಲಿಸ್ಟ್ ಗಮನಿಸಿದರು. ಅದೇ ವರ್ಷ ಬರ್ಕ್ಲಿಯಲ್ಲಿ ಡೇವಿಡ್ ಮ್ಯಾಕ್‌ಮಿಲನ್ ಬೇರೊಂದು ಸಣ್ಣ ಸಾವಯವ ಅಣುವಿನಿಂದ ಬೇರೊಂದು ಕ್ರಿಯೆಯನ್ನು ಹೀಗೇ ಪಳಗಿಸಿದರು. 2021ರ ನೊಬೆಲ್ ಇಬ್ಬರಿಗೂ ಸಂದಿತು.

ಲಿಸ್ಟ್ ತಂಡದ ಮೊದಲ ಪ್ರಬಂಧ ಕೇವಲ ಎರಡು ಪುಟ. ರಸಾಯನಶಾಸ್ತ್ರ ಓದುತ್ತಿರುವವರು ದಯವಿಟ್ಟು ಅದನ್ನು ಹುಡುಕಿ ಓದಿ.